ವ್ಯತ್ಯಾಸವರ್ಧಕ: ಒಂದು ತಾಂತ್ರಿಕ ಪದದ ಅರ್ಥವಿಚಾರ

1

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಪರಂಪರೆ ಪ್ರಾಚೀನವಾದುದು. ಶ್ರೀಧರಾಚಾರ್ಯನ ‘ಜಾತಕತಿಲಕ’ 1049ರ ಕೃತಿ. ರಾಜಾದಿತ್ಯನು 12ನೆಯ ಶತಮಾನದಲ್ಲಿಯೇ ಗಣಿತವನ್ನು ಕನ್ನಡದಲ್ಲಿ ನಿರೂಪಿಸಿದನು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದರು. ಆಧುನಿಕ ವಿಜ್ಞಾನಕ್ಕೆ ಒಪ್ಪುವ ಪಾರಿಭಾಷಿಕ ಪದಗಳು ಕನ್ನಡದಲ್ಲಿವೆಯೇ ಎಂಬ ಚರ್ಚೆ ಅಂದಿನಿಂದಲೂ ನಡೆದುಬಂದಿದೆ. ವಸ್ತುವಿನ ಕ್ರಿಯೆಯನ್ನು ಅರಿತವನಿಗೆ ಮಾತ್ರ ಅದರ ಸರಿಯಾದ ಹೆಸರು ದೊರೆಯುತ್ತದೆ ಎಂಬುದನ್ನು ಇಲೆಕ್ಟ್ರಾನಿಕ್ಸ್ ಕ್ಷೇತ್ರದ ಒಂದೇ ಒಂದು ಮಂಡಲದ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಟ್ರಾನ್ಸಿಸ್ಟರ್ ಎಂಬ ಪದವು ಕನ್ನಡದಲ್ಲಿ ಮೊದಲು ರೂಢಿಗೆ ಬಂದದ್ದು ಕೈಯಲ್ಲಿ ಹಿಡಿದು ಓಡಾಡಬಹುದಾದ ರೇಡಿಯೋಗೆ ಹೆಸರಾಗಿ. ಅಂಗದ ಹೆಸರು ಅಂಗಿಗೆ ಸಂದಿತು. ಇದು ಲಕ್ಷಣೆಯ ಒಳ್ಳೆಯ ಉದಾಹರಣೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಅರೆವಾಹಕ ಸಾಧನಕ್ಕೆ ಮೂರು ತುದಿಗಳು: ಎಮಿಟರ್, ಬೇಸ್, ಕಲೆಕ್ಟರ್. ಇವುಗಳನ್ನು ಉತ್ಸರ್ಜಕ, ಆಧಾರ, ಸಂಗ್ರಾಹಕ ಎಂದು ಕರೆಯಬಹುದು. ಆದರೆ ‘ಆಧಾರ’ ಎಂದೊಡನೆ ಆಸರೆ, ಪ್ರಮಾಣ ಮೊದಲಾದ ಅರ್ಥಗಳು ಮುನ್ನುಗ್ಗುತ್ತವೆ. ಚೆನ್ನೈಯ ರಿಚಿ ಬೀದಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಅನ್ಯದೇಶ್ಯಗಳನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಬೇಸ್ ತುದಿಯ ವೋಲ್ಟೇಜು ಎಮಿಟರಿನದಕ್ಕಿಂತ ಸುಮಾರು 0.6ರಿಂದ 0.7 ವೋಲ್ಟ್ ಮೇಲಿದ್ದರೆ ಕಲೆಕ್ಟರಿನಿಂದ ಎಮಿಟರಿಗೆ ಪ್ರವಾಹ ಹರಿಯುತ್ತದೆ. ಈ ಅಂತರದಲ್ಲಿನ ಅತ್ಯಲ್ಪ ಏರಿಳಿತವೂ ಪ್ರವಾಹವನ್ನು ಬಹುವಾಗಿ ಬದಲಿಸುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಅಂತರವು 18 ಮಿಲಿವೋಲ್ಟ್ ಹೆಚ್ಚಿದರೆ ಪ್ರವಾಹ ಇಮ್ಮಡಿಯಾಗುತ್ತದೆ. 60 ಮಿಲಿವೋಲ್ಟ್ ಹೆಚ್ಚಿದರೆ ಹತ್ತು ಪಟ್ಟಾಗುತ್ತದೆ.

3

ಒಂದೇ ಗುಣದ ಎರಡು ಟ್ರಾನ್ಸಿಸ್ಟರುಗಳನ್ನು ತೆಗೆದುಕೊಂಡು ಅವುಗಳ ಎಮಿಟರುಗಳನ್ನು ಒಂದುಗೂಡಿಸೋಣ. ಆ ಸಂಧಿಯಿಂದ ಒಂದು ದೊಡ್ಡ ಪ್ರತಿರೋಧಕದ ಮೂಲಕ ಋಣ ವೋಲ್ಟೇಜಿಗೆ ದಾರಿ ಕೊಡೋಣ. ಎರಡು ಕಲೆಕ್ಟರುಗಳಿಗೂ ಧನ ವೋಲ್ಟೇಜಿನಿಂದ ಒಂದೊಂದು ಪ್ರತಿರೋಧಕ. ಎರಡು ಸಂಕೇತಗಳು ಎರಡು ಬೇಸುಗಳನ್ನು ಪ್ರವೇಶಿಸುತ್ತವೆ. ಮಂಡಲವೆಂದರೆ ಇಷ್ಟೇ.

ಕೆಳಗಿನ ಪ್ರತಿರೋಧಕವು ಒಟ್ಟು ಪ್ರವಾಹವನ್ನು ಹೆಚ್ಚುಕಡಮೆ ಸ್ಥಿರವಾಗಿಡುತ್ತದೆ. ಆ ಮೊತ್ತವನ್ನು ಎರಡು ಟ್ರಾನ್ಸಿಸ್ಟರುಗಳು ದಾಯಾದಿಗಳಂತೆ ಹಂಚಿಕೊಳ್ಳಬೇಕು. ಎರಡು ಬೇಸುಗಳೂ ಸಮಾನವಾಗಿ ಏರಿದರೆ ಎಮಿಟರುಗಳ ಸಂಧಿಯೂ ಅಷ್ಟೇ ಏರುತ್ತದೆ. ಬೇಸ್-ಎಮಿಟರ್ ಅಂತರ ಎರಡರಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ಪಾಲು ಬದಲಾಗದು. ಒಂದು ಬೇಸ್ ಮತ್ತೊಂದಕ್ಕಿಂತ ಮೇಲೇರಿದರೆ ಅದರ ಪಾಲು ಹೆಚ್ಚುತ್ತದೆ, ಇನ್ನೊಂದರದು ಅಷ್ಟೇ ಕುಗ್ಗುತ್ತದೆ. ಒಂದು ಕಲೆಕ್ಟರಿನ ವೋಲ್ಟೇಜು ಇಳಿದು ಮತ್ತೊಂದರದು ಏರುತ್ತದೆ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಪೂರೈಕೆ ಧನ 12 ಮತ್ತು ಋಣ 12 ವೋಲ್ಟ್, ಎಮಿಟರ್ ಪ್ರತಿರೋಧಕ 11.3 ಕಿಲೋಓಮ್, ಕಲೆಕ್ಟರ್ ಪ್ರತಿರೋಧಕಗಳು ತಲಾ 10 ಕಿಲೋಓಮ್ ಎಂದಿಟ್ಟುಕೊಳ್ಳೋಣ. ಒಟ್ಟು ಪ್ರವಾಹ 1 ಮಿಲಿಆಂಪಿಯರ್. ತಲಾ ಪಾಲು ಅರ್ಧ. ಬೇಸುಗಳ ನಡುವೆ 1 ಮಿಲಿವೋಲ್ಟ್ ವ್ಯತ್ಯಾಸವಾದರೆ ಒಂದು ಕಲೆಕ್ಟರಿನಲ್ಲಿ ಸುಮಾರು 96 ಮಿಲಿವೋಲ್ಟ್ ಬದಲಾವಣೆ ಕಾಣುತ್ತದೆ. ಎರಡು ಬೇಸುಗಳೂ ಒಟ್ಟಿಗೆ 1 ಮಿಲಿವೋಲ್ಟ್ ಏರಿದರೆ ಅಲ್ಲಿ ಕಾಣುವ ಬದಲಾವಣೆ ಕೇವಲ 0.44 ಮಿಲಿವೋಲ್ಟ್. ವ್ಯತ್ಯಾಸಕ್ಕೆ ಸಮಾನಾಂಶಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಮನ್ನಣೆ. ಪ್ರತಿರೋಧಕಕ್ಕೆ ಬದಲಾಗಿ ಸ್ಥಿರಪ್ರವಾಹ ನೀಡುವ ಮತ್ತೊಂದು ಟ್ರಾನ್ಸಿಸ್ಟರನ್ನು ಬಳಸಿದರೆ ಈ ಅನುಪಾತ ಇನ್ನೂ ಹಿಗ್ಗುತ್ತದೆ. ಆದರೆ ಬೇಸುಗಳ ವ್ಯತ್ಯಾಸ 100 ಮಿಲಿವೋಲ್ಟ್ ದಾಟಿದರೆ ಪ್ರವಾಹವೆಲ್ಲ ಬಹುತೇಕ ಒಂದೇ ಕಡೆಗೆ ಸರಿದು ವರ್ಧನೆ ನಿಂತುಹೋಗುತ್ತದೆ.

4

ಈ ವಿನ್ಯಾಸದ ಮೂಲ ಕಲ್ಪನೆ ಟ್ರಾನ್ಸಿಸ್ಟರಿಗಿಂತ ಹಳೆಯದು. ನಿರ್ವಾತ ನಳಿಕೆಗಳ ಕಾಲದಲ್ಲಿ, 1934ರಲ್ಲಿ, ಕೇಂಬ್ರಿಜ್ಜಿನ ಬಿ. ಎಚ್. ಸಿ. ಮ್ಯಾಥ್ಯೂಸ್ ಶರೀರಕ್ರಿಯಾ ಸಂಶೋಧನೆಗೆಂದು ಇಂಥದೊಂದು ವರ್ಧಕವನ್ನು ವಿವರಿಸಿದನು. ಮಿದುಳಿನ ಅಲೆಗಳು ನೆತ್ತಿಯ ಮೇಲೆ ವೋಲ್ಟಿನ ಲಕ್ಷಾಂಶಗಳಲ್ಲಿ ಮಾತ್ರ ದೊರೆಯುತ್ತವೆ. ಗೋಡೆಯಲ್ಲಿನ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತು ಅದೇ ಶರೀರದಲ್ಲಿ ಅದಕ್ಕಿಂತ ಬಹುಪಾಲು ದೊಡ್ಡ ಗದ್ದಲವನ್ನು ಎಬ್ಬಿಸುತ್ತದೆ. ಗದ್ದಲವು ಎರಡು ವಿದ್ಯುದ್ಧ್ರುವಗಳಿಗೂ ಬಹುಮಟ್ಟಿಗೆ ಸಮಾನ. ಮಿದುಳಿನ ಸಂಕೇತ ಎರಡರಲ್ಲಿ ಬೇರೆಬೇರೆ. ಚೆನ್ನೈಯ ಜನರಲ್ ಆಸ್ಪತ್ರೆಯಲ್ಲಿ 1950ರಲ್ಲಿ ಡಾ. ಬಿ. ರಾಮಮೂರ್ತಿಯವರು ಆರಂಭಿಸಿದಂಥ ನರಚಿಕಿತ್ಸಾ ವಿಭಾಗಗಳಿಗೆ ನೆರವಾಗುವ ಮಿದುಳಲೆ ಲೇಖನಯಂತ್ರದ ಹೃದಯವೇ ಈ ಮಂಡಲ.

ಉಷ್ಣತೆಯ ವಿಷಯವೂ ಹೀಗೆಯೇ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬೇಸ್-ಎಮಿಟರ್ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಚೆನ್ನೈಯ ಮೇ ತಿಂಗಳ ಸೆಕೆಯಲ್ಲಿ ಒಂಟಿ ಟ್ರಾನ್ಸಿಸ್ಟರ್ ಇದರಿಂದ ದಾರಿ ತಪ್ಪುತ್ತದೆ. ಒಂದೇ ಸಿಲಿಕಾನ್ ತುಣುಕಿನ ಮೇಲಿನ ಜೋಡಿಗೆ ಸೆಕೆಯೂ ಸಮಾನಾಂಶವೇ. 1968ರಲ್ಲಿ ಹೊರಬಂದ 741 ಎಂಬ ಪ್ರಸಿದ್ಧ ಏಕೀಕೃತ ವರ್ಧಕದ ಪ್ರವೇಶದ್ವಾರದಲ್ಲಿಯೂ ಇಂಥ ಜೋಡಿಯೇ ಇದೆ.

5

ಇನ್ನು ಹೆಸರಿನ ವಿಚಾರ. ‘ಭೇದಾತ್ಮಕ ವರ್ಧಕ’ ಎಂದರೆ ವರ್ಧಕವೇ ಭಿನ್ನವಾದುದೆಂಬ ಭ್ರಮೆ ಹುಟ್ಟುತ್ತದೆ. ‘ಅವಕಲನ’ ಗಣಿತದ ಪದ. ಇಲ್ಲಿ ಆ ಕ್ರಿಯೆ ನಡೆಯುವುದಿಲ್ಲ. ‘ವ್ಯತ್ಯಾಸವರ್ಧಕ’ ಎಂಬ ತತ್ಪುರುಷ ಸಮಾಸವನ್ನು ಬಿಡಿಸಿದರೆ ‘ವ್ಯತ್ಯಾಸವನ್ನು ವರ್ಧಿಸುವುದು’ ಎಂದಾಗುತ್ತದೆ. ವಿಗ್ರಹವಾಕ್ಯವೇ ಮಂಡಲದ ಲಕ್ಷಣವಾಕ್ಯ. ಹಾಗೆಯೇ ಎರಡು ಬೇಸುಗಳಿಗೂ ಸಲ್ಲುವ ಅಂಶವನ್ನು ‘ಸಾಮಾನ್ಯ ಸಂಕೇತ’ ಎನ್ನಲಾಗದು. ‘ಸಾಮಾನ್ಯ’ಕ್ಕೆ ಕನ್ನಡದಲ್ಲಿ ವಿಶೇಷವಲ್ಲದ್ದು ಎಂಬ ಅರ್ಥ ಬಲವಾಗಿ ನಿಂತಿದೆ. ‘ಸಮಾನಾಂಶ’ವೇ ಯುಕ್ತ.

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ತತ್ತ್ವ ಅಪರಿಚಿತವೇನಲ್ಲ. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಂಥ ಭಂಡಾರಗಳಲ್ಲಿ ಎರಡು ಓಲೆಪ್ರತಿಗಳನ್ನು ಹೋಲಿಸುವಾಗ ಸಂಪಾದಕನು ಒಂದೇ ಬಗೆಯ ಪಾಠವನ್ನು ದಾಟಿ ಪಾಠಾಂತರಗಳನ್ನಷ್ಟೇ ಗುರುತಿಸುತ್ತಾನೆ. ಎರಡೂ ಒಂದೇ ಮಾತೃಪ್ರತಿಯಿಂದ ಬಂದಿದ್ದರೆ ಅಲ್ಲಿಯ ದೋಷ ಎರಡರಲ್ಲಿಯೂ ಇದ್ದು ಹೋಲಿಕೆಗೆ ಸಿಲುಕದೆ ಹೋಗುತ್ತದೆ. ವರ್ಧಕದ ಮಿತಿಯೂ ಅದೇ. ಮಿದುಳಿನ ಒಂದೇ ಅಲೆ ಎರಡು ವಿದ್ಯುದ್ಧ್ರುವಗಳಿಗೂ ಸಮವಾಗಿ ತಲಪಿದರೆ ಕಾಗದದ ಮೇಲೆ ಗೆರೆ ಚಪ್ಪಟೆಯಾಗಿರುತ್ತದೆ. ಅಲೆ ಇಲ್ಲವೆಂದು ವೈದ್ಯನು ತೀರ್ಮಾನಿಸಿದರೆ ಅಪಾಯ. ಧ್ರುವಗಳನ್ನು ಎಲ್ಲಿಡಬೇಕು ಎಂಬ ವಿವೇಕ ಯಂತ್ರದ್ದಲ್ಲ, ಯಾವ ಪ್ರತಿಗಳನ್ನು ಹೋಲಿಸಬೇಕು ಎಂಬ ವಿವೇಕ ಓಲೆಯದ್ದಲ್ಲದಂತೆ.

ಪಾರಿಭಾಷಿಕ ಪದವನ್ನು ಕಟ್ಟುವವನು ಶಾಸ್ತ್ರವನ್ನೂ ವ್ಯಾಕರಣವನ್ನೂ ಹೀಗೆ ಎದುರುಬದುರಿಟ್ಟು ನೋಡಬೇಕು. ಕನ್ನಡ ವಿಭಾಗಗಳು ಈ ಕಾರ್ಯವನ್ನು ವಿಜ್ಞಾನ ವಿಭಾಗಗಳಿಗೆ ಮಾತ್ರ ಬಿಟ್ಟುಕೊಡದೆ ಅವರೊಡನೆ ಕುಳಿತು ನಿರ್ವಹಿಸುವುದು ಅಗತ್ಯ.