ಎಳೆಯರಿಗೆ ಇರುಳಿನ ಕಟ್ಟಳೆ

ಕರ್ಫ್ಯೂ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡ ನಾಡಿನವರ ಕಣ್ಮುಂದೆ ನಿಲ್ಲುವುದು ಗಲಭೆಗೀಡಾದ ಪೇಟೆ, ಮುಚ್ಚಿದ ಅಂಗಡಿಗಳು, ಗಸ್ತು ತಿರುಗುವ ಪೋಲೀಸರು. ಅಮೆರಿಕದ ಅನೇಕ ನಗರಗಳಲ್ಲಾದರೋ ಈ ಮಾತಿಗೆ ಮತ್ತೊಂದು ಅರ್ಥವುಂಟು. ಯಾವ ಗಲಭೆಯೂ ಇಲ್ಲದ ಸಾಧಾರಣ ದಿನಗಳಲ್ಲಿಯೂ, ಗೊತ್ತುಪಡಿಸಿದ ವಯಸ್ಸಿನೊಳಗಿನ ಮಕ್ಕಳು ರಾತ್ರಿ ಗೊತ್ತುಪಡಿಸಿದ ವೇಳೆಯ ಮೇಲೆ ಬೀದಿಯಲ್ಲಿರಕೂಡದೆಂಬ ಶಾಸನವೇ ಅದು. ಶಬ್ದದ ಮೂಲ ಫ್ರೆಂಚ್. ‘ಬೆಂಕಿ ಮುಚ್ಚು’ ಎಂದು ಅದರ ಅರ್ಥ. ಮಧ್ಯಯುಗದ ಯೂರೋಪಿನಲ್ಲಿ ರಾತ್ರಿಯ ಗಂಟೆ ಬಾರಿಸಿದೊಡನೆ ಒಲೆಯ ಕೆಂಡವನ್ನು ಮುಚ್ಚಬೇಕಾಗಿತ್ತು. ಕೆಂಡಕ್ಕಿದ್ದ ಕಟ್ಟಳೆ ಮಕ್ಕಳಿಗೆ ಬಂದುದು ವಿಚಿತ್ರವೇ ಸರಿ.

ನೆಬ್ರಾಸ್ಕದ ಓಮಹಾ ನಗರ 1880ರಲ್ಲಿಯೇ ಇಂತಹ ನಿಯಮವನ್ನು ಮಾಡಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಕಿರಿಯರ ಕೈಗೂ ಬಂದೂಕು ಬಂದು ನಗರಗಳು ತಲ್ಲಣಿಸಿದಾಗ, ಅದು ಮತ್ತೆ ಚಿಗುರಿತು. ಡಲ್ಲಾಸ್ ನಗರದ 1991ರ ನಿಯಮವನ್ನು ಮೇಲ್ಮನವಿ ನ್ಯಾಯಾಲಯವು 1993ರಲ್ಲಿ ಎತ್ತಿಹಿಡಿಯಿತು. ಸ್ಯಾನ್ ಡಿಯೇಗೋದ 1947ರ ನಿಯಮವನ್ನು ಮತ್ತೊಂದು ನ್ಯಾಯಾಲಯವು 1997ರಲ್ಲಿ ತಳ್ಳಿಹಾಕಿತು. ತಂದೆತಾಯಿಗಳ ಅಧಿಕಾರವೆಲ್ಲಿ ಮುಗಿಯುತ್ತದೆ, ಸರ್ಕಾರದ ಅಧಿಕಾರವೆಲ್ಲಿ ಮೊದಲಾಗುತ್ತದೆ ಎಂಬುದೇ ವಾದದ ತಿರುಳು.

ರಾಜಧಾನಿ ವಾಷಿಂಗ್ಟನ್ನಿನ 1995ರ ಶಾಸನ ವಿಶೇಷವಾಗಿ ಪರಿಶೀಲನಾರ್ಹವಾದುದು. ಹದಿನೇಳು ತುಂಬದವರು ಭಾನುವಾರದಿಂದ ಗುರುವಾರದವರೆಗೆ ರಾತ್ರಿ 11ರಿಂದಲೂ, ಶುಕ್ರವಾರ ಶನಿವಾರಗಳಂದು ನಡುರಾತ್ರಿಯಿಂದಲೂ, ಬೆಳಗಿನ 6ರವರೆಗೆ ಹೊರಗಿರಕೂಡದು. ಪಾಲಕರ ಜೊತೆಗಿದ್ದರೆ, ಅವರು ಹೇಳಿದ ಕೆಲಸಕ್ಕೆ ಹೊರಟಿದ್ದರೆ, ದುಡಿದು ಮನೆಗೆ ಮರಳುತ್ತಿದ್ದರೆ, ಶಾಲೆಯ ಅಥವಾ ಧರ್ಮಸಂಸ್ಥೆಯ ಕಾರ್ಯಕ್ರಮದಿಂದ ಬರುತ್ತಿದ್ದರೆ ವಿನಾಯಿತಿಯುಂಟು. ನ್ಯಾಯಾಲಯದಲ್ಲಿ ಎರಡು ಬಾರಿ ಸೋತ ಈ ಶಾಸನ 1999ರಲ್ಲಿ ಗೆದ್ದಿತು.

ಗೆದ್ದಿತೆಂದ ಮಾತ್ರಕ್ಕೆ ಫಲಿಸಿತೆಂದು ಹೇಳಲಾಗದು. ಈ ಶಾಸನದಲ್ಲೊಂದು ಸಣ್ಣ ಸಂಗತಿ ಅಡಗಿತ್ತು. ಬೇಸಿಗೆ ರಜೆಯ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎಲ್ಲ ದಿನವೂ ನಿರ್ಬಂಧ ನಡುರಾತ್ರಿಗೆ ಮೊದಲಾಗುತ್ತಿತ್ತು. ಸೆಪ್ಟೆಂಬರ್ 1 ಬಂದೊಡನೆ ವಾರದ ದಿನಗಳಲ್ಲಿ 11ಕ್ಕೆ ಹಿಂದೆ ಸರಿಯುತ್ತಿತ್ತು. ಹೀಗಾಗಿ 11ರಿಂದ 12ರವರೆಗಿನ ಆ ಒಂದು ತಾಸು, ಯಾರೂ ಉದ್ದೇಶಿಸದೆಯೇ, ಪ್ರಯೋಗಶಾಲೆಯಾಯಿತು. ಜಿಲಿಯನ್ ಕಾರ್ ಮತ್ತು ಜೆನಿಫರ್ ಡೋಲಿಯಾಕ್ ಎಂಬ ಅರ್ಥಶಾಸ್ತ್ರಜ್ಞೆಯರು, ನಗರದಲ್ಲಿ ಅಳವಡಿಸಿದ್ದ ಧ್ವನಿಗ್ರಾಹಕ ಯಂತ್ರಗಳು ದಾಖಲಿಸಿದ ಗುಂಡಿನ ಸದ್ದುಗಳನ್ನು ಎಣಿಸಿ, 2018ರಲ್ಲಿ ಪ್ರಬಂಧ ಪ್ರಕಟಿಸಿದರು. ನಿರ್ಬಂಧ ಬಂದ ಆ ತಾಸಿನಲ್ಲಿ ಗುಂಡಿನ ಪ್ರಕರಣಗಳು ಇಳಿಯಲಿಲ್ಲ. ಶೇಕಡಾ 150ರಷ್ಟು ಏರಿದವು!

ಕಾರಣ ಊಹಿಸಲಾಗದುದೇನಲ್ಲ. ಕಟ್ಟಳೆಗೆ ಮಣಿದು ಮನೆ ಸೇರುವವರು ಸಾಧುಸ್ವಭಾವದ ಮಕ್ಕಳೇ. ಬಂದೂಕು ಹಿಡಿದವನು ಗಡಿಯಾರ ನೋಡುವವನಲ್ಲ. ಜನರಿರುವ ಬೀದಿಯಲ್ಲಿ ನೋಡುವ ಕಣ್ಣುಗಳಿರುತ್ತವೆ. ಆ ಕಣ್ಣುಗಳು ಮರೆಯಾದರೆ ಕೇಡಿಗನಿಗೆ ಬೀದಿ ತೆರವಾದಂತೆ. ಪೋಲೀಸರು ಪಾಪದ ಹುಡುಗರನ್ನು ತಡೆದು ವಯಸ್ಸು ಕೇಳುತ್ತ ನಿಂತರೆ ಬೇರೆಡೆ ಗಮನ ಕಡಿಮೆಯಾಗುವುದೂ ಸಹಜ. ಇನ್ನು ಮನೆಯೊಳಗೇ ಕಲಹ, ಹೊಡೆತ, ಕುಡಿತಗಳಿರುವ ಮಗುವಿಗೆ ‘ಮನೆಗೆ ಹೋಗು’ ಎನ್ನುವುದು ಎಂತಹ ರಕ್ಷಣೆಯಾದೀತು?

ಇದೊಂದೇ ಊರಿನ ವಿಶೇಷವೆನ್ನುವಂತೆಯೂ ಇಲ್ಲ. ಹನ್ನೆರಡು ಅಧ್ಯಯನಗಳನ್ನು ತೂಗಿನೋಡಿದ 2016ರ ವಿಮರ್ಶೆಯೊಂದು, ಇಂತಹ ನಿರ್ಬಂಧಗಳಿಂದ ಅಪರಾಧ ತಗ್ಗಿದುದಕ್ಕೆ ಆಧಾರವನ್ನು ಕಾಣಲಿಲ್ಲ. ಆಸ್ಟಿನ್ ನಗರ 2017ರಲ್ಲಿ ತನ್ನ ನಿಯಮವನ್ನು ಕೈಬಿಟ್ಟಿತು. 2023ರಲ್ಲಿ ಟೆಕ್ಸಸ್ ರಾಜ್ಯವು ಅದನ್ನು ಎಲ್ಲ ನಗರಗಳಿಗೂ ನಿಷೇಧಿಸಿತು. ವಾಷಿಂಗ್ಟನ್ ಮಾತ್ರ 2025ರ ಬೇಸಿಗೆಯಲ್ಲಿ ಹದಿನೇಳರ ಪ್ರಾಯದವರನ್ನೂ ಕಟ್ಟಳೆಗೆ ಒಳಪಡಿಸಿತು. ಭಯದ ಮುಂದೆ ಲೆಕ್ಕಾಚಾರ ನಿಲ್ಲುವುದು ಕಷ್ಟ.

ನಿಯಮವನ್ನು ಉಳಿಸಿಕೊಂಡ ಫಿಲಡೆಲ್ಫಿಯಾ ನಗರ ಅದರ ಜೊತೆಗೆ ಮತ್ತೊಂದನ್ನು ಸೇರಿಸಿದೆ. ಹೊತ್ತುಮೀರಿ ಸಿಕ್ಕ ಮಕ್ಕಳನ್ನು ಠಾಣೆಯಲ್ಲಿ ಕೂಡಿಹಾಕುವ ಬದಲು ಬಡಾವಣೆಯ ಸಂಜೆಕೇಂದ್ರಗಳಿಗೆ ಕರೆತರುವ ಏರ್ಪಾಡು ಅದು. ಅಲ್ಲಿ ಊಟವಿದೆ, ಆಟವಿದೆ, ಜಗಳ ಬಿಡಿಸುವ ಹಿರಿಯರಿದ್ದಾರೆ. ಸಿಕ್ಕಿಬೀಳದ ಮಕ್ಕಳೂ ತಾವಾಗಿಯೇ ಬಂದು ಕುಳಿತುಕೊಳ್ಳಬಹುದು.