ಬ್ಯಾಸ್ಕೆಟ್‌ಬಾಲ್ ತರಬೇತುದಾರನ ಶಿಕ್ಷಣ ಮತ್ತು ಮಕ್ಕಳ ಆರೋಗ್ಯ

ಪುಣೆ ನಗರದ ಪೂರ್ವಕ್ಕೆ, ಸೋಲಾಪುರ ರಸ್ತೆಯ ಎರಡೂ ಮಗ್ಗುಲಲ್ಲಿ ಹರಡಿರುವ ಹಡಪಸರವು ಒಂದು ಕಾಲಕ್ಕೆ ಕಾಯಿಪಲ್ಲೆಯ ತೋಟಗಳ ಊರಾಗಿತ್ತು. ಅನಂತರ ಕಾರಖಾನೆಗಳು ಬಂದವು. ಈ ಶತಮಾನದ ಆರಂಭದಲ್ಲಿ ಇಲ್ಲಿಯ ಮಗರಪಟ್ಟಾದ ರೈತ ಕುಟುಂಬಗಳು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಒಂದು ಹೊಸ ಉಪನಗರವನ್ನೇ ಕಟ್ಟಿದುದು ದೇಶದ ಗಮನ ಸೆಳೆಯಿತು. ಕಲಬುರಗಿ, ವಿಜಯಪುರ, ಬೆಳಗಾವಿ, ಧಾರವಾಡಗಳ ಕಡೆಯಿಂದ ಉದ್ಯೋಗನಿಮಿತ್ತ ಬಂದ ಕನ್ನಡ ಕುಟುಂಬಗಳೂ ಈ ಭಾಗದಲ್ಲಿ ನೆಲೆಸಿವೆ. ಹೊಲವಿದ್ದಲ್ಲಿ ಬಹುಮಹಡಿ ಕಟ್ಟಡಗಳೆದ್ದಿವೆ. ಅವುಗಳ ನಡುವೆ ಉಳಿದ ಜಾಗದಲ್ಲಿ ಕ್ರಿಕೆಟ್ ಆಡಿದರೆ ಕಿಟಕಿಯ ಗಾಜು ಉಳಿಯುವುದಿಲ್ಲ. ಆದುದರಿಂದ ಅನೇಕ ಸೊಸೈಟಿಗಳಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣ ಕಾಣಸಿಗುತ್ತದೆ. ಪೂರ್ಣ ಅಂಕಣಕ್ಕೆ 28 ಮೀಟರು ಉದ್ದ, 15 ಮೀಟರು ಅಗಲದ ಸ್ಥಳ ಬೇಕು. ಅದಿಲ್ಲದಲ್ಲಿ ಅರ್ಧ ಅಂಕಣದಲ್ಲಿಯೇ ತೃಪ್ತಿ.

ಸಂಜೆಯಾದರೆ ಅಲ್ಲಿ ಮಕ್ಕಳು, ಕೊರಳಲ್ಲಿ ಸೀಟಿ ತೂಗಿಸಿಕೊಂಡ ಒಬ್ಬ ತರಬೇತುದಾರ. ಮಗುವನ್ನು ಸೇರಿಸುವಾಗ ತಂದೆತಾಯಿಗಳು ಮಾಸಿಕ ಶುಲ್ಕವೆಷ್ಟು, ಬೂಟು ಯಾವುದು ಕೊಳ್ಳಬೇಕು ಎಂದು ಕೇಳುವುದುಂಟು. ಈತ ಎಲ್ಲಿ ಕಲಿತವನು, ಕೊನೆಯ ಬಾರಿಗೆ ಕಲಿತದ್ದು ಯಾವ ವರ್ಷ ಎಂದು ಕೇಳುವವರು ವಿರಳ. ಒಂದು ಠೇವಣಿ ಇಡುವ ಮುನ್ನ ನಾಲ್ಕು ಕಡೆ ವಿಚಾರಿಸುವ ಜನ, ಮಗುವಿನ ಮೊಣಕಾಲನ್ನು ಒಪ್ಪಿಸುವಾಗ ಏನನ್ನೂ ವಿಚಾರಿಸದಿರುವುದು ಸೋಜಿಗದ ಸಂಗತಿಯೇ ಸರಿ.

ಈ ಆಟ ಹುಟ್ಟಿದ್ದೇ ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದರಲ್ಲಿ ಎಂಬುದು ಇಲ್ಲಿ ನೆನೆಯತಕ್ಕ ವಿಷಯ. 1891ರ ಡಿಸೆಂಬರ್‌ನಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕರಿಗೆ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು 14 ದಿನಗಳಲ್ಲಿ ರೂಪಿಸುವ ಕೆಲಸ ಬಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿ, 13 ನಿಯಮ, 18 ವಿದ್ಯಾರ್ಥಿಗಳು: ಇಷ್ಟೇ ಆರಂಭದ ಬಂಡವಾಳ. ಆ ಶಾಲೆಯಲ್ಲಿ ಕಲಿತವರು ಹೋದಲ್ಲೆಲ್ಲ ಆಟವನ್ನು ಕೊಂಡೊಯ್ದರು. ನೇಸ್ಮಿತ್ ಅವರು ಅಲ್ಲಿಗೇ ನಿಲ್ಲದೆ 1898ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. ಅವರ ಶಿಷ್ಯ ಫಾಗ್ ಆಲನ್ ತರಬೇತುದಾರನಾಗಲು ಹೊರಟಾಗ, ಇದು ಆಡುವ ಆಟವೇ ಹೊರತು ಕಲಿಸುವಂಥದಲ್ಲವೆಂದು ಗುರುಗಳು ನಕ್ಕರೆಂದು ಹೇಳುತ್ತಾರೆ. ಶಿಷ್ಯನ ಮಾತೇ ಕೊನೆಗೆ ಗೆದ್ದಿತು. 1927ರಲ್ಲಿ ಆಲನ್ ಅವರು ಅಮೇರಿಕೆಯ ಬ್ಯಾಸ್ಕೆಟ್‌ಬಾಲ್ ತರಬೇತುದಾರರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು.

ಭಾರತದಲ್ಲಿಯೂ ಈ ವಿದ್ಯೆಯ ಏರ್ಪಾಡು ಹೊಸದಲ್ಲ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆ, 1961ರ ಮೇ 7ರಂದು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಪ್ರಾರಂಭವಾದವು. ಪಟಿಯಾಲದ ಸಂಸ್ಥೆಗೆ 1973ರಲ್ಲಿ ನೇತಾಜಿ ಸುಭಾಷರ ಹೆಸರು ಬಂದಿತು. ಮೋತಿಬಾಗ್ ಅರಮನೆಯಲ್ಲಿರುವ ಈ ಸಂಸ್ಥೆಯ ಡಿಪ್ಲೊಮಾವೇ ನಮ್ಮ ದೇಶದಲ್ಲಿ ತರಬೇತುದಾರನ ಮುಖ್ಯ ಅರ್ಹತೆಯೆಂದು ಪರಿಗಣಿತವಾಗಿದೆ. ಅಷ್ಟು ಕಾಲ ಮನೆ ಬಿಡಲಾರದವರಿಗೆ ಆರು ವಾರಗಳ ಸರ್ಟಿಫಿಕೇಟ್ ತರಗತಿಯುಂಟು. ಅದು ಸಾಮಾನ್ಯವಾಗಿ ಬೇಸಿಗೆಯಲ್ಲಿ ನಡೆಯುತ್ತದೆ. ಪುಣೆಯಲ್ಲಿಯೇ ಗುಲಟೇಕಡಿಯಲ್ಲಿ ಮಹಾರಾಷ್ಟ್ರೀಯ ಮಂಡಳದ ಚಂದ್ರಶೇಖರ ಆಗಾಶೆ ದೈಹಿಕ ಶಿಕ್ಷಣ ಕಾಲೇಜು ಇದೆ. ಹಡಪಸರದವರಿಗೆ ಅದು ದೂರವಲ್ಲ. ಆದರೆ ದೈಹಿಕ ಶಿಕ್ಷಣದ ಪದವಿಯೇ ಬೇರೆ, ಒಂದು ನಿರ್ದಿಷ್ಟ ಆಟದ ತರಬೇತಿಯ ಡಿಪ್ಲೊಮಾವೇ ಬೇರೆ. ಮೊದಲನೆಯದು ಶಾಲೆಯ ಶಿಕ್ಷಕನನ್ನು, ಎರಡನೆಯದು ಆಟದ ತರಬೇತುದಾರನನ್ನು ಸಿದ್ಧಪಡಿಸುತ್ತದೆ. ರಾಜ್ಯಮಟ್ಟದಲ್ಲಿ ಆಡಿದ್ದೇನೆಂಬುದು ಇವೆರಡೂ ಅಲ್ಲ. ಅದು ಗೌರವದ ಮಾತು, ಅರ್ಹತೆಯ ಮಾತಲ್ಲ.

ಒಮ್ಮೆ ಪಡೆದ ಪ್ರಮಾಣಪತ್ರವು ಆಜೀವ ಸಾಲದು. 1984ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಮೂರು ಅಂಕಗಳ ಗೆರೆಯನ್ನು ತಂದಿತು. 2000ದಲ್ಲಿ ತಲಾ 20 ಮಿನಿಟುಗಳ ಎರಡು ಅವಧಿಗಳಿಗೆ ಬದಲು 10 ಮಿನಿಟುಗಳ ನಾಲ್ಕು ಅವಧಿಗಳಾದವು. ಚೆಂಡನ್ನು ಎಸೆಯಲು ಇದ್ದ 30 ಸೆಕೆಂಡುಗಳ ಗಡುವು 24ಕ್ಕೆ ಇಳಿಯಿತು. 2010ರಲ್ಲಿ ಮೂರಂಕದ ಗೆರೆ 6.25 ಮೀಟರಿನಿಂದ 6.75 ಮೀಟರಿಗೆ ಹಿಂದೆ ಸರಿಯಿತು. ಹೀಗೆ ಆಟ ವೇಗ ಪಡೆದಂತೆಲ್ಲ ಓಟ, ಜಿಗಿತ, ಥಟ್ಟನೆ ನಿಲ್ಲುವುದು, ತಿರುಗುವುದು ಇವೂ ಹೆಚ್ಚಾದವು. ಅದರ ಭಾರವನ್ನು ಹೊರುವುದು ಆಟಗಾರನ ಕಾಲು.

ಈ ಆಟದಲ್ಲಿ ಅತಿ ಸಾಮಾನ್ಯವಾದ ಗಾಯವೆಂದರೆ ಪಾದದ ಕೀಲು ಉಳುಕುವುದು. ಅತಿ ದುಬಾರಿಯಾದದ್ದು ಮೊಣಕಾಲಿನ ಒಳಗಿನ ಮುಂಭಾಗದ ಲಿಗಮೆಂಟ್ ಹರಿಯುವುದು. ಹರೆಯದ ಹುಡುಗಿಯರಲ್ಲಿ ಇದು ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ಬಹಳಷ್ಟು ಬಾರಿ ಯಾರೂ ಡಿಕ್ಕಿ ಹೊಡೆದಿರುವುದಿಲ್ಲ. ಜಿಗಿದವಳು ನೆಲಕ್ಕಿಳಿಯುವಾಗ ಮೊಣಕಾಲು ಒಳಮುಖವಾಗಿ ವಾಲಿರುತ್ತದೆ, ಅಷ್ಟೆ. ಶಸ್ತ್ರಕ್ರಿಯೆಯಾದರೆ ಮತ್ತೆ ಅಂಕಣಕ್ಕೆ ಬರಲು ಒಂಬತ್ತು ತಿಂಗಳು, ಒಂದು ವರ್ಷವಾದರೂ ಬೇಕು. ಸರಿಯಾಗಿ ಇಳಿಯುವುದನ್ನು ಕಲಿಸಬಹುದು ಎಂಬುದೇ ಇಲ್ಲಿರುವ ಸಮಾಧಾನ. ಮೊಣಕಾಲು ಮಡಿಸಿ, ಎರಡೂ ಪಾದಗಳ ಮೇಲೆ ಸದ್ದಿಲ್ಲದೆ ಇಳಿಯುವುದು, ಒಂಟಿಕಾಲಿನ ಸಮತೋಲ, ತೊಡೆಯ ಹಿಂಭಾಗದ ಮತ್ತು ಸೊಂಟದ ಸ್ನಾಯುಗಳ ಬಲವರ್ಧನೆ: ಇವನ್ನೆಲ್ಲ ಸೇರಿಸಿ 15-20 ಮಿನಿಟುಗಳ ಪೂರ್ವವ್ಯಾಯಾಮವನ್ನು ವಾರಕ್ಕೆ ಎರಡು ಮೂರು ಬಾರಿ ತಪ್ಪದೆ ಮಾಡಿಸಿದಲ್ಲಿ ಇಂಥ ಗಾಯಗಳು ಗಣನೀಯವಾಗಿ ಕಡಿಮೆಯಾಗುವುದು ಸಿದ್ಧಪಟ್ಟಿದೆ. ಈ ತಿಳಿವಳಿಕೆ ಬೆಳೆದದ್ದು ಮುಖ್ಯವಾಗಿ ಕಳೆದ ಎರಡು ಮೂರು ದಶಕಗಳಲ್ಲಿ. ಅದಕ್ಕೂ ಮೊದಲು ಕಲಿತು, ಮತ್ತೆ ಪುಸ್ತಕ ತೆರೆಯದ ತರಬೇತುದಾರನು ಎಷ್ಟೇ ಪ್ರಾಮಾಣಿಕನಾದರೂ ಮಕ್ಕಳನ್ನು ಅಂಕಣದ ಸುತ್ತ ನಾಲ್ಕು ಸುತ್ತು ಓಡಿಸಿ ಆಟಕ್ಕೆ ಇಳಿಸುತ್ತಾನೆ. ಸೊಸೈಟಿಯ ಅಂಕಣಗಳಲ್ಲಿ ಅನೇಕವು ಕಾಂಕ್ರೀಟಿನವಾದುದರಿಂದ ಈ ಅಜ್ಞಾನದ ಬೆಲೆ ಇನ್ನೂ ಹೆಚ್ಚು.

ಬೆಳೆಯುವ ಮಗು ಸಣ್ಣ ಗಾತ್ರದ ದೊಡ್ಡವನಲ್ಲ. ಹತ್ತರಿಂದ ಹದಿನೈದು ವಯಸ್ಸಿನ ನಡುವೆ, ಎತ್ತರ ಭರದಿಂದ ಏರುವ ಕಾಲದಲ್ಲಿ, ಮೊಣಚಿಪ್ಪಿನ ಕೆಳಗೆ ಕಣಕಾಲಿನ ಮೂಳೆಯ ಮೇಲ್ತುದಿಯಲ್ಲಿ ಉಬ್ಬು ಕಾಣಿಸಿಕೊಂಡು ನೋಯುವುದುಂಟು. ಬಾಸ್ಟನ್ನಿನ ಆಸ್‌ಗುಡ್, ಜ್ಯೂರಿಕ್‌ನ ಶ್ಲಾಟರ್ ಎಂಬ ಇಬ್ಬರು ವೈದ್ಯರು 1903ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ ತೊಂದರೆಯಿದು. ಅಭ್ಯಾಸವನ್ನು ತಗ್ಗಿಸಿದರೆ ಸಾಮಾನ್ಯವಾಗಿ ತಾನೇ ಶಮನವಾಗುತ್ತದೆ. ತಿಳಿಯದ ತರಬೇತುದಾರ ಅದನ್ನು ಸೋಮಾರಿತನವೆಂದು ಎಣಿಸಿ ಇನ್ನೂ ಹತ್ತು ಜಿಗಿತ ಹೇಳುತ್ತಾನೆ. ಮಕ್ಕಳಿಗೆಂದೇ ಮಿನಿ ಬ್ಯಾಸ್ಕೆಟ್‌ಬಾಲ್ ಇದೆ. 1950ರಲ್ಲಿ ಅಮೇರಿಕೆಯ ಜೇ ಆರ್ಚರ್ ಎಂಬ ಶಿಕ್ಷಕರು ಆರಂಭಿಸಿದ ಕ್ರಮವದು. ಅದರಲ್ಲಿ ಬುಟ್ಟಿ 3.05 ಮೀಟರಿಗೆ ಬದಲು 2.60 ಮೀಟರ್ ಎತ್ತರದಲ್ಲಿರುತ್ತದೆ; ಚೆಂಡು ಗಂಡಸರ 7ನೆಯ ಅಥವಾ ಹೆಂಗಸರ 6ನೆಯ ಅಳತೆಯದಲ್ಲ, 5ನೆಯ ಅಳತೆಯದು. ಎಂಟು ವರ್ಷದ ಮಗು ದೊಡ್ಡ ಚೆಂಡನ್ನು ಎತ್ತರದ ಬುಟ್ಟಿಗೆ ಸೊಂಟ ತಿರುಚಿ ಎಸೆಯುತ್ತಿದ್ದರೆ, ಅಲ್ಲಿ ಕಲಿಯಬೇಕಾದವನು ಮಗುವಲ್ಲ. 2016ರಲ್ಲಿ ಅಮೇರಿಕೆಯ ಎನ್.ಬಿ.ಎ. ಮತ್ತು ಅಲ್ಲಿಯ ರಾಷ್ಟ್ರೀಯ ಸಂಸ್ಥೆ ಜೊತೆಗೂಡಿ ಪ್ರಕಟಿಸಿದ ಸೂಚನೆಗಳು, 14 ವರ್ಷ ತುಂಬುವವರೆಗೆ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕಬಾರದೆಂದೂ ವಾರದಲ್ಲಿ ವಿಶ್ರಾಂತಿಯ ದಿನ ಇರಬೇಕೆಂದೂ ಹೇಳುತ್ತವೆ. ವಾರವೆಲ್ಲ ಅಭ್ಯಾಸ ನಡೆದರೆ ಕೊಟ್ಟ ಹಣ ಸಾರ್ಥಕವೆಂದು ಭಾವಿಸುವ ತಂದೆತಾಯಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೃದಯದ ವಿಷಯ ಇನ್ನೂ ಗಂಭೀರವಾದುದು. ಲಾಸ್ ಏಂಜಲೀಸಿನ ಲೊಯೋಲ ಮೇರಿಮೌಂಟ್ ವಿಶ್ವವಿದ್ಯಾಲಯದ ಹ್ಯಾಂಕ್ ಗ್ಯಾದರ್ಸ್ ಎಂಬ ಪ್ರತಿಭಾವಂತ ಆಟಗಾರ 1989ರ ಡಿಸೆಂಬರ್‌ನಲ್ಲಿ ಪಂದ್ಯದ ನಡುವೆ ಕುಸಿದುಬಿದ್ದನು. ಹೃದಯದ ಬಡಿತ ಏರುಪೇರಾಗಿದೆಯೆಂದು ತಿಳಿದು ಔಷಧಿ ಕೊಡಲಾಯಿತು, ಮತ್ತೆ ಆಟಕ್ಕಿಳಿದನು. 1990ರ ಮಾರ್ಚ್ 4ರಂದು ಅಂಕಣದಲ್ಲಿಯೇ ಮತ್ತೊಮ್ಮೆ ಬಿದ್ದವನು ಉಳಿಯಲಿಲ್ಲ. ವಯಸ್ಸು 23. ಓಡುತ್ತಿರುವಾಗ ಪ್ರಜ್ಞೆ ತಪ್ಪುವುದು, ಎದೆ ನೋಯುವುದು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಮರಣ: ಇವುಗಳಲ್ಲಿ ಯಾವುದೊಂದಿದ್ದರೂ ವೈದ್ಯರ ಅನುಮತಿಯಿಲ್ಲದೆ ಮಗುವನ್ನು ಆಡಿಸತಕ್ಕದ್ದಲ್ಲ. ಆಟಗಾರನು ಬಿದ್ದು ಉಸಿರಾಡದಿದ್ದರೆ, 108ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ಮಿನಿಟಿಗೆ 100ರಿಂದ 120 ಬಾರಿ ಬಲವಾಗಿ ಒತ್ತುವುದನ್ನು ತರಬೇತುದಾರನು ಆರಂಭಿಸಬೇಕು. ಆಂಬುಲೆನ್ಸು ಹಡಪಸರದ ವಾಹನಸಂದಣಿಯನ್ನು ದಾಟಿ ಬರುವವರೆಗೆ ಅಲ್ಲಿ ಬೇರೆ ಯಾರಿದ್ದಾರೆ? ಈ ವಿಧಾನವನ್ನು ಓದಿ ಕಲಿಯಲಾಗದು. ಗೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು. ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಗತಿಗಳನ್ನು ನಡೆಸುತ್ತವೆ.

ಕಲಿಯಲು ಮನಸ್ಸಿರುವವರಿಗೆ ಹಣವಿಲ್ಲದೆಯೂ ಸಾಧ್ಯವಾಗುವುದು ಸ್ವಲ್ಪ ಉಂಟು. ತರಬೇತುದಾರರ ವಿಶ್ವಸಂಘವು ಮೂರು ಹಂತಗಳ ಕೈಪಿಡಿಯನ್ನು ರಚಿಸಿದೆ. ಅಂತರ್ಜಾಲದಲ್ಲಿ ಅದನ್ನು ಉಚಿತವಾಗಿ ಓದಬಹುದು. ಅಂಪೈರಿಂಗ್ ಪರೀಕ್ಷೆಗೆ ಕುಳಿತರೆ ನಿಯಮಗಳು ತಾವಾಗಿಯೇ ಕರಗತವಾಗುತ್ತವೆ. ಹಿರಿಯ ತರಬೇತುದಾರನ ಪಕ್ಕದಲ್ಲಿ ಒಂದು ಋತು ಸಹಾಯಕನಾಗಿ ನಿಲ್ಲುವುದು ಇವೆಲ್ಲಕ್ಕಿಂತ ಮಿಗಿಲು.

ಆದರೆ ಆರು ವಾರಗಳ ತರಗತಿಗೆ ಹೋಗಬೇಕಾದವನಿಗೆ ತರಗತಿಯ ಶುಲ್ಕಕ್ಕಿಂತ ದೊಡ್ಡ ವೆಚ್ಚವೆಂದರೆ ಆ ಆರು ವಾರಗಳ ಸಂಪಾದನೆ. ಸೊಸೈಟಿಯ ತರಬೇತುದಾರನಿಗೆ ರಜೆಯ ಸಂಬಳವಿಲ್ಲ. ಮರಳಿ ಬರುವಷ್ಟರಲ್ಲಿ ಅವನ ಜಾಗದಲ್ಲಿ ಇನ್ನೊಬ್ಬನಿದ್ದರೂ ಇರಬಹುದು. ಹಾಗಾಗಿ ಅವನು ಹೋಗುವುದಿಲ್ಲ. ತಪ್ಪು ಅವನದೆಂದು ಹೇಳುವುದು ಲೆಕ್ಕ ತಿಳಿಯದವರ ಮಾತು. ಮೂವತ್ತು ಮಕ್ಕಳಿರುವ ತಂಡವೊಂದನ್ನು ಎಣಿಸೋಣ: ಪ್ರತಿ ಮನೆಯವರು ತಿಂಗಳಿಗೆ 100 ರೂಪಾಯಿಯನ್ನು ಬೇರೆಯಾಗಿ ತೆಗೆದಿಟ್ಟರೆ ವರ್ಷಕ್ಕೆ 36,000 ರೂಪಾಯಿ ಸೇರುತ್ತದೆ. ಶುಲ್ಕಕ್ಕೂ ಪ್ರಯಾಣಕ್ಕೂ ಹೋಗಿ ಉಳಿದದ್ದನ್ನು ಆ ಆರು ವಾರಗಳ ಸಂಭಾವನೆಯೆಂದು ಕೊಡಬಹುದು. ಹಿಂದಿರುಗಿ ಎರಡು ವರ್ಷ ಇಲ್ಲಿಯೇ ಕಲಿಸುವೆನೆಂಬ ಒಪ್ಪಂದವನ್ನು ಬರೆಸಿಕೊಳ್ಳುವುದರಲ್ಲಿಯೂ ಅನುಚಿತವೇನಿಲ್ಲ. ಅಂಕಣಕ್ಕೆ ಬಣ್ಣ ಬಳಿಸಲು ಹಣ ಮಂಜೂರು ಮಾಡುವ ಸಭೆಗಳು ಇದನ್ನೂ ಪರಿಗಣಿಸಬಹುದು. ಮಹಾರಾಷ್ಟ್ರದಲ್ಲಿ ಸಹಕಾರಿ ಗೃಹನಿರ್ಮಾಣ ಸಂಸ್ಥೆಗಳು ತಮ್ಮ ವಾರ್ಷಿಕ ಸಾಮಾನ್ಯ ಸಭೆಯನ್ನು ಸೆಪ್ಟೆಂಬರ್ 30ರೊಳಗೆ ನಡೆಸಬೇಕಾಗಿರುವುದರಿಂದ, ಮುಂದಿನ ಬೇಸಿಗೆಯ ತರಗತಿಗೆ ಒಬ್ಬರನ್ನು ಕಳಿಸುವ ವಿಷಯವನ್ನು ಆ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲು ಕಾರ್ಯದರ್ಶಿಗಳಿಗೆ ಮೊದಲೇ ಬರೆದುಕೊಡತಕ್ಕದ್ದು.