ಕಾಯಂ ಆದವರು ಮುಂದೆ ನಿಲ್ಲಲಿ

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತೆಂದು ತಿಳಿದು ಸಂತೋಷವಾಯಿತು ಮಗು. ಚಳಿ, ಊಟದ ವಿಷಯ ನಿನ್ನಮ್ಮ ಹೇಳಿಯೇ ಹೇಳುತ್ತಾಳೆ. ಮೇಷ್ಟ್ರ ಕೆಲಸವೇ ಬೇಕೆಂದು ಹೊರಟವಳಿಗೆ ನಾನು ಹೇಳುವುದು ಆ ಕ್ಯಾಂಪಸ್ಸಿನದೇ ಹಳೆಯ ಸಂಗತಿ.

1948ರ ಜುಲೈನಲ್ಲಿ ಆ ರಾಜ್ಯದ ಶಾಸಕ ಆಲ್ಬರ್ಟ್ ಕ್ಯಾನ್‌ವೆಲ್‌ನ ಸಮಿತಿ ಪ್ರಾಧ್ಯಾಪಕರನ್ನು ಕರೆಸಿ, ಕಮ್ಯುನಿಸ್ಟರೋ ಅಲ್ಲವೋ ಎಂದು ವಿಚಾರಣೆಗೆ ಕೂತಿತು. ಸಾಕ್ಷಿ ಹೇಳಿದವರನ್ನು ಪಾಟಿಸವಾಲು ಮಾಡುವಂತಿರಲಿಲ್ಲ. ತತ್ತ್ವಶಾಸ್ತ್ರದ ಮೆಲ್ವಿನ್ ರೇಡರ್ ಹಿಂದೊಂದು ಬೇಸಿಗೆಯಲ್ಲಿ ನ್ಯೂಯಾರ್ಕಿನ ಗುಪ್ತ ಕಮ್ಯುನಿಸ್ಟ್ ಶಾಲೆಗೆ ಹೋಗಿದ್ದನೆಂದು ಒಬ್ಬ ಪ್ರಮಾಣ ಮಾಡಿ ಹೇಳಿಬಿಟ್ಟ. ಆ ಬೇಸಿಗೆಯಲ್ಲಿ ತಾನು ಇಲ್ಲೇ, ಬೆಟ್ಟದ ಲಾಡ್ಜಿನಲ್ಲಿದ್ದೆ ಎಂದರು ರೇಡರ್. ಲಾಡ್ಜಿನ ರಿಜಿಸ್ಟರ್ ಹಾಳೆಯನ್ನೋ ಸಮಿತಿಯ ತನಿಖೆದಾರರೇ ಒಯ್ದಿದ್ದರು! ಸಿಯಾಟಲ್ ಟೈಮ್ಸ್ ವರದಿಗಾರ ಎಡ್ ಗುತ್‌ಮನ್ ಬೆನ್ನುಹತ್ತಿ ಹುಡುಕಿದ. ಆಗ ರೇಡರ್‌ಗೆ ಕನ್ನಡಕ ಬದಲಿಸಿಕೊಟ್ಟ ಕಣ್ಣಿನ ವೈದ್ಯರ ದಾಖಲೆ ಕೂಡ ಕೆಲಸಕ್ಕೆ ಬಂತು. ರೇಡರ್ ಪಾರಾದರು, ಗುತ್‌ಮನ್‌ಗೆ 1950ರಲ್ಲಿ ಪುಲಿಟ್ಜರ್ ಸಿಕ್ಕಿತು. ಆದ್ದರಿಂದ ರಸೀದಿ, ಪತ್ರ ಯಾವುದನ್ನೂ ಎಸೆಯಬೇಡ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ.

ಕ್ಯಾನ್‌ವೆಲ್‌ನಂಥವರಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ರೇಮಂಡ್ ಅಲೆನ್. ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದವನ ಬುದ್ಧಿ ಸ್ವತಂತ್ರವಲ್ಲ, ಹಾಗಾಗಿ ಅವನು ಅಧ್ಯಾಪಕನಾಗಲು ಯೋಗ್ಯನಲ್ಲ ಎಂಬುದು ಅವರ ವಾದ. ನೋಡು, ಸ್ವಾತಂತ್ರ್ಯದ ಹೆಸರಿನಲ್ಲೇ ಕತ್ತು ಕುಯ್ಯುವುದು! ಹೀಗೆ ಗುರಿಯಾದ ಪ್ರಾಧ್ಯಾಪಕರಲ್ಲಿ ಒಬ್ಬರಾದ ಹರ್ಬರ್ಟ್ ಫಿಲಿಪ್ಸ್ ತಮ್ಮ ಒಲವು ಎತ್ತ ಎಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿ ಪಾಠ ಶುರು ಮಾಡುತ್ತಿದ್ದವರು. ಅವರಿಗಿಂತ ಪ್ರಾಮಾಣಿಕ ಮೇಷ್ಟ್ರು ಬೇಕೇ? ಇವರ ಪ್ರಕರಣ ನೋಡಿದ, ವಿಶ್ವವಿದ್ಯಾಲಯದ್ದೇ ಹನ್ನೊಂದು ಮಂದಿ ಪ್ರಾಧ್ಯಾಪಕರ ಸಮಿತಿಯಲ್ಲಿ ಹೆಚ್ಚಿನವರು ಫಿಲಿಪ್ಸ್ ಮತ್ತು ಇಂಗ್ಲಿಷ್ ವಿಭಾಗದ ಜೋಸೆಫ್ ಬಟರ್‌ವರ್ತ್ ಅವರನ್ನು ಉಳಿಸಿಕೊಳ್ಳಿ ಎಂದೇ ಹೇಳಿದರು. ಮೂರನೆಯವರಾದ ರಾಲ್ಫ್ ಗುಂಡ್ಲಾಕ್ ವಿಷಯದಲ್ಲಿ ಮಾತ್ರ ಬಹುಮತ ವಜಾದ ಕಡೆಗಿತ್ತು. 1949ರ ಜನವರಿಯಲ್ಲಿ ಆಡಳಿತ ಮಂಡಳಿ ಮೂವರನ್ನೂ ತೆಗೆದುಹಾಕಿತು. ಬೇರೆ ಮೂವರನ್ನು ಎರಡು ವರ್ಷ ಪ್ರೊಬೇಷನ್ನಿನಲ್ಲಿಟ್ಟಿತು. ಅವರಲ್ಲಿ ಗಾರ್ಲಂಡ್ ಎಥೆಲ್ ಒಬ್ಬರು. ತಾನು ಹಿಂದೆ ಪಕ್ಷದಲ್ಲಿದ್ದೆ ಎಂದು ಒಪ್ಪಿಕೊಂಡರು, ಬೇರೆಯವರ ಹೆಸರು ಮಾತ್ರ ಬಾಯಿಬಿಡಲಿಲ್ಲ. ನನಗೆ ಅವರ ಮೇಲೆ ವಿಶೇಷ ಗೌರವ.

ನೀನು ಹುತಾತ್ಮಳಾಗಬೇಕೆಂದು ಇದನ್ನೆಲ್ಲ ಹೇಳುತ್ತಿಲ್ಲ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಮ್ಯುನಿಸ್ಟರಲ್ಲವೆಂದು ಪ್ರಮಾಣಪತ್ರಕ್ಕೆ ಸಹಿ ಕೇಳಿದಾಗ, ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ ಕಿರಿಯರಿಗೆ ಸಹಿ ಹಾಕಿಬಿಡಿ ಎಂದರು. ಕೆಲಸ ಕಳೆದುಕೊಂಡರೂ ತಡೆದುಕೊಳ್ಳಬಲ್ಲ ತಮ್ಮಂಥವರು ಹೋರಾಡುತ್ತೇವೆಂದರು. ತಾವು ಸಹಿ ಹಾಕಲಿಲ್ಲ. 1950ರಲ್ಲಿ ಹಾಕದ 31 ಮಂದಿಯ ಕೆಲಸ ಹೋಯಿತು. 1952ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ದಾರಿ ಮಾಡಿತು.

ವೀಸಾ, ಸ್ಟೈಪೆಂಡು ಎರಡೂ ವಿಶ್ವವಿದ್ಯಾಲಯವನ್ನೇ ನೆಚ್ಚಿರುವಾಗ ನೀನು ಮುಂದಿನ ಸಾಲಿನಲ್ಲಿ ನಿಲ್ಲದಿದ್ದರೆ ನಾನೇನೂ ಬೇಸರಪಡುವುದಿಲ್ಲ. ಇನ್ನೊಬ್ಬರ ಹೆಸರು ಕೊಡದಿದ್ದರೆ ಈಗ ಅಷ್ಟೇ ಸಾಕು. ನಿನ್ನ ಕೆಲಸ ಕಾಯಂ ಆದ ದಿನದಿಂದ ಮಾತ್ರ ಈ ರಿಯಾಯಿತಿ ಇಲ್ಲ.